ಕ್ಯಾನಿನ ಜಿಡ್ಡು ತಣ್ಣೀರಿಗೆ ಏಕೆ ಬಗ್ಗುವುದಿಲ್ಲ?



ಸಂಘಕ್ಕೆ ಹಾಲು ಹಾಕಿ ಬಂದ ಮೇಲೆ ಕ್ಯಾನಿಗೆ ಎರಡು ಚೊಂಬು ತಣ್ಣೀರು ಹಾಕಿ, ಕುಲುಕಿ ಚೆಲ್ಲಿ, ಅಷ್ಟಕ್ಕೇ ಬಿಡುವವರು ಅನೇಕರಿದ್ದಾರೆ. ಅಂಥ ಕ್ಯಾನಿನೊಳಗೆ ಬೆರಳಾಡಿಸಿ ನೋಡಿರಿ, ಬೆರಳು ಜಾರುತ್ತದೆ. ಆ ಜಾರುವ ಪದರದಲ್ಲಿಯೇ ಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುತ್ತವೆ. ಬೆಚ್ಚಗಿನ ಹಾಲು ಬಿದ್ದ ಕೂಡಲೇ ಅವು 20-30 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತಾ ಹೋಗುತ್ತವೆ. ಶೀತಲೀಕರಣ ಟ್ಯಾಂಕಿನಲ್ಲಿ ಎಲ್ಲರ ಹಾಲೂ ಒಂದಾಗುವುದರಿಂದ ಒಂದು ಕ್ಯಾನಿನ ಕೊಳೆಯ ನಷ್ಟ ಊರಿಗೇ ತಟ್ಟುತ್ತದೆ.

ನೀರಿಗೂ ಜಿಡ್ಡಿಗೂ ಆಗಿಬರುವುದಿಲ್ಲವೆಂದರೆ ಹಾಲಿನಲ್ಲಿ ಎರಡೂ ಹೇಗೆ ಒಟ್ಟಿಗಿವೆ ಎಂದು ತಾವು ಕೇಳಬಹುದು. ಹಾಲಿನಲ್ಲಿ ಕೊಬ್ಬು ಕರಗಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಚದುರಿದೆ. ಪ್ರತಿ ಹನಿಗೂ ಒಂದು ತೆಳು ಪೊರೆಯ ಹೊದಿಕೆ ಇದೆ. ಮೊಸರು ಕಡೆಯುವಾಗ ಈ ಪೊರೆ ಹರಿದು ಹನಿಗಳು ಒಂದಕ್ಕೊಂದು ಅಂಟಿ ಬೆಣ್ಣೆಯಾಗುತ್ತವೆ. ಕ್ಯಾನಿನ ಗೋಡೆಗೆ ಮೆತ್ತಿಕೊಳ್ಳುವ ಕೊಬ್ಬೂ ಹೀಗೆ ಪೊರೆ ಕಳೆದುಕೊಂಡದ್ದೇ. ಅದನ್ನು ಪುನಃ ಹನಿ ಹನಿಯಾಗಿ ಒಡೆದು ನೀರಿನಲ್ಲಿ ತೇಲಿಸಲು ಒಂದು ಹೊಸ ಹೊದಿಕೆ ಬೇಕು. ಆ ಹೊದಿಕೆಯನ್ನು ಒದಗಿಸುವ ವಸ್ತುಗಳೇ ಚದುರಿಸುವ ರಾಸಾಯನಿಕಗಳು. ಕಾರ್ಖಾನೆಯವರು ಡಿಸ್ಪರ್ಸೆಂಟ್ ಎನ್ನುತ್ತಾರೆ.

ಸೋಪು, ಡಿಟರ್ಜೆಂಟುಗಳ ಕಣಕ್ಕೆ ಎರಡು ತುದಿಗಳಿರುತ್ತವೆ. ಒಂದಕ್ಕೆ ಜಿಡ್ಡು ಪ್ರಿಯ, ಇನ್ನೊಂದಕ್ಕೆ ನೀರು ಪ್ರಿಯ. ಮೊದಲನೆಯದು ಜಿಡ್ಡಿನೊಳಗೆ ನಾಟಿಕೊಳ್ಳುತ್ತದೆ, ಎರಡನೆಯದು ಹೊರಗೆ ನೀರಿನಲ್ಲಿ ಉಳಿಯುತ್ತದೆ. ತಾವು ಬ್ರಷ್ಷಿನಿಂದ ಉಜ್ಜಿದಾಗ ಜಿಡ್ಡು ಹನಿಯಾಗಿ ಕಳಚುತ್ತದೆ. ಹೊರತುದಿಗಳಲ್ಲಿ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಹನಿಗಳು ಒಂದನ್ನೊಂದು ದೂರ ತಳ್ಳುತ್ತವೆ, ಮತ್ತೆ ಕೂಡಿಕೊಳ್ಳುವುದಿಲ್ಲ. ಆದರೆ ಮೊದಲು ಜಿಡ್ಡು ಮೆತ್ತಗಾಗಬೇಕು. ಹಾಲಿನ ಕೊಬ್ಬು ಪೂರ್ತಿ ಕರಗಲು ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತಣ್ಣೀರಿನಲ್ಲಿ ಎಷ್ಟು ಪುಡಿ ಸುರಿದರೂ ಪುಡಿಯೇ ದಂಡ.

ಹನೂರು ಆಗಲಿ, ಯಳಂದೂರು ಆಗಲಿ, ತಮ್ಮ ಬೋರ್‌ವೆಲ್ ನೀರಿನಲ್ಲಿ ಬೇಳೆ ತಡವಾಗಿ ಬೇಯುತ್ತಿದ್ದರೆ, ಸೋಪು ನೊರೆ ಕೊಡದಿದ್ದರೆ ಅದು ಗಡಸು ನೀರು. ಅದರಲ್ಲಿನ ಸುಣ್ಣದಂಶ ಬಟ್ಟೆ ಸೋಪಿನೊಡನೆ ಸೇರಿ ಗಷ್ಟಾಗಿ ಕ್ಯಾನಿಗೇ ಅಂಟುತ್ತದೆ. ಬರೀ ವಾಷಿಂಗ್ ಸೋಡಾ ಹಾಕಿದರೂ ಬಿಳಿ ಪುಡಿ ಕೂರುತ್ತದೆ. ಹಾಲಿನ ಅಂಶವೂ ಅದರೊಡನೆ ಸೇರಿ ದಿನ ಕಳೆದಂತೆ ಹಾಲುಗಲ್ಲು ಕಟ್ಟುತ್ತದೆ. ಡೇರಿ ಪಾತ್ರೆಗಳಿಗೆಂದೇ ತಯಾರಿಸುವ ತೊಳೆಯುವ ಪುಡಿಗಳಲ್ಲಿ ಸಾಮಾನ್ಯವಾಗಿ ಪಾಲಿಫಾಸ್ಫೇಟ್ ಇರುತ್ತದೆ. ಅದು ಸುಣ್ಣದಂಶವನ್ನು ಹಿಡಿದು, ಕೂರಗೊಡದೆ ನೀರಿನಲ್ಲಿಯೇ ತೇಲಿಸುತ್ತದೆ. ಬಟ್ಟೆಯ ಪುಡಿಗಿಂತ ಇದು ಮೇಲು ಎನ್ನುವುದು ಇದಕ್ಕಾಗಿ. ಕಾಸ್ಟಿಕ್ ಸೋಡಾ ಮಾತ್ರ ಬೇಡ. ಅಲ್ಯೂಮಿನಿಯಂ ಕ್ಯಾನನ್ನು ಅದು ತಿಂದುಹಾಕುತ್ತದೆ. ಮರಳು, ಇಟ್ಟಿಗೆ ಪುಡಿಗಳಿಂದ ಗೀರು ಬಿದ್ದು, ಆ ಗೀರೇ ಮುಂದೆ ಕೊಳೆಗೆ ಮನೆಯಾಗುತ್ತದೆ.

ಈ ವಸ್ತುಗಳು ನಮಗೆ ಹೊಸವಲ್ಲ. ಕೊಳ್ಳೇಗಾಲದ ರೇಷ್ಮೆಯವರನ್ನು ಕೇಳಿರಿ, ನೂಲಿನ ಅಂಟು ಬಿಡಿಸಲು ಸೋಪು ನೀರಿನಲ್ಲಿ ಕುದಿಸುವ ಪದ್ಧತಿ ಹಳೆಯದು. ಬಣ್ಣದ ಡಬ್ಬಿಯಲ್ಲಿ ಪುಡಿ ಗಂಟು ಕಟ್ಟದಿರುವುದೂ, ಕಡಿಮೆ ನೀರಿನಲ್ಲಿ ಕಾಂಕ್ರೀಟು ಸಲೀಸಾಗಿ ಹರಿಯುವುದೂ ಇಂಥವುಗಳಿಂದಲೇ. ಉಣ್ಣೆ ಹುಳುವಿನ ಔಷಧಿಯನ್ನು ನೀರಿಗೆ ಹಾಕಿದೊಡನೆ ಹಾಲಿನಂತೆ ಬೆಳ್ಳಗಾಗುವುದನ್ನು ತಾವು ನೋಡಿದ್ದೀರಿ. ಅಲ್ಲಿಯೂ ಎಣ್ಣೆಯಂಥ ಔಷಧಿ ಹನಿಗಳಾಗಿ ಚದುರಿರುತ್ತದೆ. (ಆ ಔಷಧಿಯನ್ನು ಹಾಲಿನ ಕ್ಯಾನಿನಲ್ಲಿ ಎಂದೂ ಕಲಸಬೇಡಿರಿ.)

ಚದುರಿದ್ದು ಇಲ್ಲವಾಯಿತೆಂದು ತಿಳಿಯಬಾರದು. 1967ರಲ್ಲಿ ಇಂಗ್ಲೆಂಡಿನ ಕರಾವಳಿಯಲ್ಲಿ ಟೊರೆ ಕ್ಯಾನಿಯನ್ ಎಂಬ ತೈಲ ಹಡಗು ಒಡೆದಾಗ ಸಮುದ್ರಕ್ಕೆ ಡಿಟರ್ಜೆಂಟ್ ಸುರಿದರು. ಎಣ್ಣೆಗಿಂತ ಡಿಟರ್ಜೆಂಟಿನಿಂದಲೇ ಜಲಚರಗಳಿಗೆ ಹೆಚ್ಚು ಹಾನಿಯಾಯಿತು. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ತೈಲ ಬಾವಿ ಸ್ಫೋಟಗೊಂಡಾಗಲೂ ಸುಮಾರು 70 ಲಕ್ಷ ಲೀಟರ್ ಚದುರಿಸುವ ರಾಸಾಯನಿಕ ಬಳಸಿದರು. ಎಣ್ಣೆ ಮೇಲಿನಿಂದ ಮರೆಯಾಗಿ ನೀರಿನೊಳಗೆ ಹರಡಿತು, ಅಷ್ಟೆ. ಕ್ಯಾನಿನಲ್ಲಿಯೂ ಹಾಗೆಯೇ. ಪುಡಿ ನೀರನ್ನು ಆರಲು ಬಿಟ್ಟರೆ ಬಿಟ್ಟ ಕೊಳೆ ಮತ್ತೆ ಗೋಡೆ ಹಿಡಿಯುತ್ತದೆ. ಆದುದರಿಂದ ಹಾಲು ಸುರಿದ ಕೂಡಲೇ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಜಾಲಿಸಿರಿ. ಅನಂತರ ಕೈ ತಾಳುವಷ್ಟು ಬಿಸಿನೀರಿಗೆ ಪೊಟ್ಟಣದ ಮೇಲೆ ಹೇಳಿದಷ್ಟೇ ಪುಡಿ ಹಾಕಿ, ಮುಚ್ಚಳ ಮತ್ತು ಕಂಠ ಸಹಿತ ಬ್ರಷ್ಷಿನಿಂದ ಉಜ್ಜಿ, ಬಿಸಿ ಇರುವಾಗಲೇ ಚೆಲ್ಲಿರಿ. ಆಮೇಲೆ ಶುದ್ಧ ನೀರಿನಲ್ಲಿ ಎರಡು ಮೂರು ಬಾರಿ ತೊಳೆದು, ಅಟ್ಟಣೆಯ ಮೇಲೆ ಬೋರಲು ಹಾಕಿ ಒಣಗಿಸಿರಿ. ಚೆಲ್ಲಿದ ನೀರು ದನಗಳ ತೊಟ್ಟಿಗೆ ಸೇರದಿರಲಿ.

ಸರಿಯಾಗಿ ತೊಳೆಯದೆ ಪುಡಿಯ ಅಂಶ ಹಾಲಿಗೆ ಇಳಿದರೆ ಕಲಬೆರಕೆಯ ಸಂಶಯ ಬರುತ್ತದೆ. ಎಣ್ಣೆಯನ್ನು ಡಿಟರ್ಜೆಂಟಿನಿಂದ ಚದುರಿಸಿ ನಕಲಿ ಹಾಲು ಮಾಡುವವರೂ ಇರುವುದರಿಂದ ಈ ಸಂಶಯ ಸುಮ್ಮನೆ ಬಂದದ್ದಲ್ಲ. 5ರಿಂದ 10 ಮಿ.ಲೀ. ಹಾಲಿಗೆ ಅಷ್ಟೇ ನೀರು ಬೆರೆಸಿ ಜೋರಾಗಿ ಕುಲುಕಿದಾಗ ದಟ್ಟ ನೊರೆ ನಿಂತರೆ ಡಿಟರ್ಜೆಂಟ್ ಇದೆಯೆಂದು ಅರ್ಥ. ಶುದ್ಧ ಹಾಲಿನಲ್ಲಿ ನೊರೆ ತೀರ ತೆಳು.

ತೊಳೆದ ಕ್ಯಾನಿನ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಒಳಗೋಡೆಯ ಮೇಲೆ ಶುದ್ಧ ನೀರು ಹರಿಸಿರಿ. ನೀರು ಒಂದೇ ಹಾಳೆಯಂತೆ ಇಳಿದರೆ ಜಿಡ್ಡು ಹೋಗಿದೆ. ಅಲ್ಲಲ್ಲಿ ಒಡೆದು, ಕೆಸುವಿನೆಲೆಯ ಮೇಲಿನಂತೆ ಹನಿಗಟ್ಟಿದರೆ ಇನ್ನೊಮ್ಮೆ ಬಿಸಿನೀರು ಕಾಯಿಸಿರಿ.