ದತ್ತಾಂಶದ ಶುದ್ಧಿಯೂ ಮಾನವನ ವಿವೇಚನೆಯೂ

ಕೃತಕ ಬುದ್ಧಿಮತ್ತೆಯ ಯಂತ್ರವು ತಪ್ಪು ನಿರ್ಣಯವನ್ನು ಕೊಟ್ಟಾಗ, ಅದಕ್ಕೆ ಒದಗಿಸಿದ ದತ್ತಾಂಶದಲ್ಲಿಯೇ ತಪ್ಪು ನುಸುಳಿರಬೇಕೆಂದು ನಾವು ಭಾವಿಸುವುದು ವಾಡಿಕೆ. ಬಹುಮಟ್ಟಿಗೆ ಇದು ನಿಜವೇ. ಆದರೆ ದಾಖಲೆಯೂ ಸರಿಯಾಗಿದ್ದು, ಗಣಿತವೂ ಸರಿಯಾಗಿದ್ದು, ನಿರ್ಣಯ ಮಾತ್ರ ರೋಗಿಯ ಪ್ರಾಣಕ್ಕೇ ಎರವಾಗಬಹುದಾಗಿದ್ದ ಒಂದು ನಿದರ್ಶನವನ್ನು ಇಲ್ಲಿ ಪರಿಶೀಲಿಸೋಣ.

ನ್ಯುಮೋನಿಯಾ ರೋಗಿಗಳಲ್ಲಿ ಯಾರನ್ನು ಆಸ್ಪತ್ರೆಗೆ ಸೇರಿಸಿಕೊಳ್ಳಬೇಕು, ಯಾರಿಗೆ ಮನೆಯ ಚಿಕಿತ್ಸೆ ಸಾಕು ಎಂಬುದನ್ನು ಗಣಕದ ನೆರವಿನಿಂದ ನಿರ್ಧರಿಸುವ ಪ್ರಯತ್ನವೊಂದು 1990ರ ದಶಕದಲ್ಲಿ ಅಮೆರಿಕದಲ್ಲಿ ನಡೆಯಿತು. 14,199 ರೋಗಿಗಳ ದಾಖಲೆಗಳನ್ನು ಬಳಸಿ ಹಲವು ಬಗೆಯ ಮಾದರಿಗಳನ್ನು ರಚಿಸಿ ಹೋಲಿಸಲಾಯಿತು. ನರಜಾಲವೆಂಬ ಮಾದರಿಯ ಮುನ್ಸೂಚನೆಯೇ ಎಲ್ಲಕ್ಕಿಂತ ನಿಖರವಾಗಿತ್ತು. ಆದರೆ ತನ್ನ ನಿರ್ಣಯಕ್ಕೆ ಕಾರಣವನ್ನು ಅದು ಹೇಳಲಾರದು. ಕಲಿತದ್ದನ್ನು ಸೂತ್ರರೂಪದಲ್ಲಿ ಬರೆದು ತೋರಿಸಬಲ್ಲ ಮತ್ತೊಂದು ಸರಳ ಮಾದರಿಯಲ್ಲಿ ವಿಚಿತ್ರವಾದ ಒಂದು ಸೂತ್ರ ಕಂಡುಬಂದಿತು: ಆಸ್ತಮಾ ಉಳ್ಳವರಿಗೆ ನ್ಯುಮೋನಿಯಾದಿಂದ ಸಾವಿನ ಭಯ ಕಡಿಮೆ!

ವೈದ್ಯರು ಬಲ್ಲದ್ದು ಇದಕ್ಕೆ ತೀರ ವಿರುದ್ಧ. ಅಂಥ ರೋಗಿಗಳಿಗೆ ಅಪಾಯ ಹೆಚ್ಚೆಂದು ಅರಿತಿದ್ದುದರಿಂದಲೇ ಅವರನ್ನು ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದರು. ಆ ವಿಶೇಷ ಶುಶ್ರೂಷೆಯ ಫಲವಾಗಿ ಮರಣಪ್ರಮಾಣ ಇಳಿದಿತ್ತು. ಯಂತ್ರಕ್ಕೆ ಕಂಡದ್ದು ಫಲವೊಂದೇ. ಫಲಕ್ಕೆ ಕಾರಣವಾದ ವೈದ್ಯರ ಎಚ್ಚರಿಕೆಗೆ ಅದು ಓದಿದ ಪಟ್ಟಿಯಲ್ಲಿ ಅಂಕಣವಿರಲಿಲ್ಲ. ಸೂತ್ರವನ್ನು ನಂಬಿದ್ದರೆ ಆ ರೋಗಿಗಳನ್ನೇ ಮನೆಗೆ ಕಳುಹಿಸಬೇಕಾಗುತ್ತಿತ್ತು.

ದತ್ತಾಂಶ ಹೆಚ್ಚಿದಷ್ಟೂ ಸತ್ಯ ಸಮೀಪಿಸುವುದೆಂಬ ಮಾತು ನಮ್ಮ ವಿದ್ಯಾರ್ಥಿಗಳಲ್ಲಿ ಈಗ ಬಲವಾಗಿ ಬೇರೂರಿದೆ. ಇಲ್ಲಿ ಅದು ಸಲ್ಲದು. ಅದೇ ಬಗೆಯ ಆಸ್ಪತ್ರೆಗಳಿಂದ ಇನ್ನೂ ಲಕ್ಷ ದಾಖಲೆಗಳನ್ನು ತಂದರೂ ಸೂತ್ರ ಗಟ್ಟಿಯಾಗುವುದೇ ಹೊರತು ಅಳಿಯದು. ಪರೀಕ್ಷೆಗೆಂದು ಬೇರೆ ತೆಗೆದಿರಿಸಿದ ದಾಖಲೆಗಳೂ ಅದೇ ಚಿಕಿತ್ಸಾಕ್ರಮದಿಂದ ಹುಟ್ಟಿದವುಗಳಾದ್ದರಿಂದ, ಪರೀಕ್ಷೆಯೂ ಸೂತ್ರಕ್ಕೆ ಪೂರ್ಣಾಂಕವನ್ನೇ ಕೊಡುತ್ತದೆ.

ನರಜಾಲವನ್ನು ರೋಗಿಗಳ ಮೇಲೆ ಪ್ರಯೋಗಿಸದಿರಲು ನಿರ್ಧರಿಸಲಾಯಿತು. ಆಸ್ತಮಾದ ದೋಷ ಕಣ್ಣಿಗೆ ಬಿದ್ದುದರಿಂದ ಅದನ್ನು ಸರಿಪಡಿಸಬಹುದಾಗಿತ್ತು. ಕಣ್ಣಿಗೆ ಬೀಳದ ದೋಷಗಳು ಇನ್ನೆಷ್ಟಿವೆಯೋ ಎಂಬುದೇ ಅಂಜಿಕೆ. ಆ ಅಂಜಿಕೆ ನಿರಾಧಾರವಾಗಿರಲಿಲ್ಲ. 2015ರಲ್ಲಿ ರಿಚ್ ಕರುವಾನಾ ಮತ್ತು ಸಂಗಡಿಗರು, ಪ್ರತಿಯೊಂದು ಲಕ್ಷಣದ ಪ್ರಭಾವವನ್ನೂ ಬಿಡಿಬಿಡಿಯಾಗಿ ತೋರಬಲ್ಲ ಮಾದರಿಯೊಂದರಿಂದ ಇದೇ ಸಮಸ್ಯೆಯನ್ನು ಪುನಃ ಪರಿಶೀಲಿಸಿದಾಗ, ದೀರ್ಘಕಾಲದ ಶ್ವಾಸಕೋಶವ್ಯಾಧಿಯೂ ಹಿಂದೆ ಬಂದಿದ್ದ ಎದೆನೋವೂ ಅಪಾಯವನ್ನು ತಗ್ಗಿಸುವಂತೆ ತೋರಿದವು. ಇಂಥ ಅಂಶಗಳನ್ನು ತಜ್ಞರು ಗುರುತಿಸಿ ತಿದ್ದಬಹುದು. ಹಾಗೆ ತಿದ್ದಿದ ಮಾದರಿಗೆ ಹಳೆಯ ದಾಖಲೆಗಳ ಪರೀಕ್ಷೆಯಲ್ಲಿ ಅಂಕ ತುಸು ಇಳಿಯಲೂಬಹುದು.