ಹಗ್ಗವಿಲ್ಲದ ಬಾವಿ

ಭರಣಿ ಮಳೆಯ ಮೊದಲ ಗಾಳಿಗೇ ಊರ ಮುಂದಿನ ಮರ ಲೈನಿನ ಮೇಲೆ ಬಿತ್ತು. ಮೂರು ಕಂಬ ಮುರಿದವು. ಶಿರಾಳಕೊಪ್ಪದಿಂದ ಸೊರಬದ ರಸ್ತೆ ಹಿಡಿದು ಸ್ವಲ್ಪ ಒಳಗೆ ತಿರುಗಿದರೆ ಸಿಗುವ ಊರು ಅದು, ನಮ್ಮ ದೊಡ್ಡಮ್ಮನ ಮನೆ ಅಲ್ಲಿದೆ. ಮೊದಲ ರಾತ್ರಿ ಮೊಂಬತ್ತಿ ಹಚ್ಚಿಕೊಂಡು ಊಟ ಮಾಡಿದೆವು, ಹಳೆಯ ಕತೆ ಹೇಳಿಕೊಂಡು ಮಲಗಿದೆವು. ಬೆಳಿಗ್ಗೆ ನೋಡಿದರೆ ತಾರಸಿಯ ಮೇಲಿನ ಟ್ಯಾಂಕು ಖಾಲಿ. ನಲ್ಲಿ ತಿರುಗಿಸಿದರೆ ಗಾಳಿ ಬರುತ್ತಿತ್ತು. ಮನೆಯಲ್ಲಿ ಏಳು ಜನ, ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಒಂದು ಕರು.

ಹಿತ್ತಿಲಲ್ಲಿ ಬಾವಿಯಿದೆ. ಅಜ್ಜನ ಕಾಲದ್ದು, ಸುತ್ತ ಕಲ್ಲು ಕಟ್ಟಿದ್ದು, ಯಾವ ಬೇಸಿಗೆಗೂ ಬತ್ತಿದ್ದಿಲ್ಲ. ಬಗ್ಗಿ ನೋಡಿದರೆ ಆಳದಲ್ಲಿ ನೀರು ಹೊಳೆಯುತ್ತಿತ್ತು. ಆದರೆ ಬಾವಿಗೆ ಕಬ್ಬಿಣದ ಜಾಲರಿ ಹೊದಿಸಿ, ಪೈಪು ಇಳಿಸಿ, ಪಂಪು ಕೂರಿಸಿ ಹದಿನೈದು ವರ್ಷವಾಗಿದೆ. ಗಡಗಡೆ ಕಳಚಿ ಎಲ್ಲಿಟ್ಟರೆಂದು ಯಾರಿಗೂ ನೆನಪಿಲ್ಲ. ಹಗ್ಗ ಎಂದೋ ಲಡ್ಡಾಗಿ ಹರಿದುಹೋಗಿದೆ. ಗಾಡಿಯ ಹೊರೆ ಬಿಗಿಯುವ ಹಗ್ಗ ಒಂದು, ದನ ಮೇಯಲು ಕಟ್ಟುವ ಉದ್ದನೆಯ ಹಗ್ಗ ಎರಡು, ಮೂರನ್ನೂ ಗಂಟು ಹಾಕಿ, ಜಾಲರಿಯ ಒಂದು ಮೂಲೆ ಎತ್ತಿ, ಕೊಡಪಾನ ಇಳಿಸಿದೆವು. ಮೇಲೆ ಬರುವಾಗ ಪ್ರತಿ ಗಂಟೂ ಕಲ್ಲಿನ ಅಂಚಿಗೆ ಸಿಕ್ಕಿಕೊಳ್ಳುತ್ತಿತ್ತು. ಅರ್ಧ ನೀರು ಬಾವಿಗೇ ಚೆಲ್ಲುತ್ತಿತ್ತು. ಒಂದು ಗಂಟೆಯ ಕೆಲಸಕ್ಕೆ ಐದು ಕೊಡ ನೀರು. ಎರಡು ಎಮ್ಮೆಗೆ ಅಷ್ಟೇ ಬೇಕು.

ಕರೆಂಟು ಬಂದದ್ದು ಮೂರನೇ ದಿನ ಸಂಜೆ. ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಒಂದೇ. ಮೂರು ದಿನಕ್ಕೇ ಹೀಗಾದರೆ, ನಿಜವಾಗಿ ದೊಡ್ಡದೊಂದು ಆಪತ್ತು ಬಂದು ಹತ್ತು ದಿನ ಹೊರಗಿನ ಸಂಪರ್ಕ ಕಡಿದರೆ, ನಮ್ಮ ಮನೆಗಳು ಹೇಗೆ ನಿಲ್ಲುತ್ತವೆ?

ಈ ಸೀಮೆಯ ಮನೆಗಳಿಗೆ ತಯಾರಿ ಹೊಸತಲ್ಲ. ಶಿಕಾರಿಪುರ, ಸೊರಬ ಅರೆಮಲೆನಾಡು. ಒಂದು ಮಗ್ಗುಲಿಗೆ ಕಾಡು, ಇನ್ನೊಂದು ಮಗ್ಗುಲಿಗೆ ಬಯಲು. ಕುಮುದ್ವತಿ, ದಂಡಾವತಿ, ವರದಾ ಮೂರೂ ಮಳೆಗಾಲದಲ್ಲಿ ಹರವಿಕೊಂಡು ಹರಿಯುವ ಹೊಳೆಗಳು. ರೋಹಿಣಿ ಮಳೆಗೆ ಮುಂಚೆ ಮನೆಯೊಂದರಲ್ಲಿ ಏನೇನು ನಡೆಯುತ್ತಿತ್ತು ಎಂದು ದೊಡ್ಡಮ್ಮನನ್ನು ಕೇಳಿದರೆ ಬೆರಳು ಮಡಚುತ್ತಾ ಹೋಗುತ್ತಾರೆ. ಸೌದೆ ಒಡೆದು ಒಟ್ಟುವುದು, ಸೂರು ಹೊದಿಸುವುದು, ಮಣ್ಣಿನ ಗೋಡೆಗೆ ಇರಚಲು ಹೊಡೆಯದಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ಬೀಜದ ಗಂಟು. ಡಬ್ಬಿ ತುಂಬ ಹಲಸಿನ ಹಪ್ಪಳ, ಸಂಡಿಗೆ, ಉಪ್ಪು ಮಜ್ಜಿಗೆಯಲ್ಲಿ ಅದ್ದಿ ಒಣಗಿಸಿದ ಬಾಳಕದ ಮೆಣಸು. ಭರಣಿಯಲ್ಲಿ ಮಾವಿನ ಮಿಡಿ. ಮರಿಗೆಯಲ್ಲಿ ಉಪ್ಪು, ಉಂಡೆ ಕಟ್ಟಿದ ಹುಣಸೆಹಣ್ಣು. ಕಣಜದಲ್ಲಿ ಭತ್ತ, ಬಯಲಿನ ಕಡೆಯ ಊರುಗಳಲ್ಲಾದರೆ ನೆಲದೊಳಗಿನ ಹಗೇವಿನಲ್ಲಿ ಜೋಳ. ಆಷಾಢದಲ್ಲಿ ಹೊಳೆ ಉಕ್ಕಿ ವಾರಗಟ್ಟಲೆ ಸಂತೆಗೆ ಹೋಗದಿದ್ದರೂ ಒಲೆ ಉರಿಯುತ್ತಿತ್ತು.

ಇದರಲ್ಲಿ ಒಂದು ಜಾಣತನ ಗಮನಿಸಬೇಕು. ಹೊಸ ಅಕ್ಕಿಯನ್ನು ಕೂಡಲೇ ಉಣ್ಣುತ್ತಿರಲಿಲ್ಲ. ಹಳೆಯ ಅಕ್ಕಿ ಉಣ್ಣುವುದು, ಹೊಸದನ್ನು ಹಳತಾಗಲು ಬಿಡುವುದು. ಹಾಗಾಗಿ ಯಾವ ದಿನ ನೋಡಿದರೂ ಮನೆಯಲ್ಲಿ ಹಲವು ತಿಂಗಳ ಕಾಳು ಇರುತ್ತಿತ್ತು, ಯಾವುದೂ ಮುಗ್ಗುತ್ತಿರಲಿಲ್ಲ. ಭೂಕಂಪದ ನಾಡಾದ ಜಪಾನಿನಲ್ಲಿ ಸರ್ಕಾರ ಇಂದು ಜನರಿಗೆ ಹೇಳುತ್ತಿರುವುದೂ ಇದನ್ನೇ. ಕನಿಷ್ಠ 3 ದಿನಕ್ಕೆ, ಸಾಧ್ಯವಾದರೆ ಒಂದು ವಾರಕ್ಕೆ ಸಾಕಾಗುವಷ್ಟು ಆಹಾರ ನೀರು ಇಟ್ಟುಕೊಳ್ಳಿ, ಹಳೆಯದನ್ನು ಬಳಸುತ್ತಾ ಹೊಸದನ್ನು ಸೇರಿಸುತ್ತಾ ಹೋಗಿ. 1923ರ ಸೆಪ್ಟೆಂಬರ್ 1ರ ಮಹಾ ಭೂಕಂಪದ ನೆನಪಿಗೆ ಅಲ್ಲಿ ಪ್ರತಿ ವರ್ಷ ಅದೇ ದಿನ ತಾಲೀಮು ನಡೆಯುತ್ತದೆ. ಸ್ವೀಡನ್ ಸರ್ಕಾರವಂತೂ 2018ರಲ್ಲಿ, ಮತ್ತೆ 2024ರಲ್ಲಿ, ಆಪತ್ತಿನಲ್ಲಿ ಏನು ಮಾಡಬೇಕೆಂಬ ಕೈಪಿಡಿಯನ್ನು ಮನೆಮನೆಗೆ ಅಂಚೆಯಲ್ಲಿ ಕಳಿಸಿತು.

ಹಳೆಯದೆಲ್ಲ ಹೊನ್ನು ಎಂದು ನಾನು ಹೇಳಲಾರೆ. ಕಣಜ ಇದ್ದದ್ದು ಗದ್ದೆ ಇದ್ದವರ ಮನೆಯಲ್ಲಿ. ಕೂಲಿಯ ಮೇಲೆ ಬದುಕುವವರಿಗೆ ಆಷಾಢವೆಂದರೆ ಹಸಿವಿನ ತಿಂಗಳೇ. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಐದನೇ ಒಂದು ಪಾಲು ಜನರನ್ನು ಕಳೆದುಕೊಂಡಿತು. ಹಗೇವು ತುಂಬಿದ್ದವರ ಮನೆಯ ಹೊಸ್ತಿಲಲ್ಲೇ ಹಗೇವು ಇಲ್ಲದವರು ಸತ್ತ ಕಾಲ ಅದು. ಇಂದು ಪಡಿತರ ಅಂಗಡಿಯಿದೆ, 2013ರಿಂದ ಅನ್ನಭಾಗ್ಯವಿದೆ, ಬಡವರ ಮನೆಯಲ್ಲೂ ತಿಂಗಳ ಅಕ್ಕಿಯಿದೆ. ಅಕ್ಕಿಯ ಮಟ್ಟಿಗೆ ನಾವು ಅಜ್ಜಂದಿರಿಗಿಂತ ಗಟ್ಟಿ.

2020ರ ಮಾರ್ಚ್ 24ರ ರಾತ್ರಿ ಇದು ಪರೀಕ್ಷೆಗೂ ಬಂತು. ಕೊರೊನಾದಿಂದಾಗಿ 21 ದಿನ ಎಲ್ಲವೂ ಬಂದ್ ಎಂದಾಗ ಬಹಳ ಮನೆಗಳಲ್ಲಿ ಮೊದಲು ಮುಗಿದದ್ದು ಅಕ್ಕಿಯಲ್ಲ, ಮಾತ್ರೆ. ಬಿಪಿಯದು, ಸಕ್ಕರೆ ಕಾಯಿಲೆಯದು, ಥೈರಾಯ್ಡಿನದು. ಹತ್ತು ಮಾತ್ರೆಯ ಒಂದು ಪಟ್ಟಿ ತಂದು, ಮುಗಿದ ದಿನ ಮತ್ತೊಂದು ತರುವ ಅಭ್ಯಾಸ ನಮ್ಮದು. ನಮ್ಮ ದೊಡ್ಡಪ್ಪ ದಿನಕ್ಕೊಂದು ನುಂಗಬೇಕಾದ ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿದ್ದರು. ಯಾರಿಗೂ ಹೇಳಿರಲಿಲ್ಲ. ಭತ್ತಕ್ಕೆ ಇದ್ದ ಲೆಕ್ಕಾಚಾರ ಮಾತ್ರೆಗೆ ಬರಲೇ ಇಲ್ಲ. ಮನೆಯಲ್ಲಿ ಸದಾ ಒಂದು ತಿಂಗಳ ಮಾತ್ರೆ ಮುಂದಾಗಿ ಇರಬೇಕು, ಹಳೆಯದು ಮೊದಲು, ಹೊಸದು ಆಮೇಲೆ. ಹಳೆ ಅಕ್ಕಿಯ ನಿಯಮವೇ. ಇನ್ಸುಲಿನ್ ತೆಗೆದುಕೊಳ್ಳುವವರು ಫ್ರಿಜ್ ನಿಂತುಹೋದರೆ ಏನು ಮಾಡಬೇಕೆಂದು ಕರೆಂಟು ಇರುವಾಗಲೇ ವೈದ್ಯರನ್ನು ಕೇಳಿಟ್ಟುಕೊಳ್ಳಬೇಕು.

ನಮ್ಮ ಮನೆಗಳು ಮೊದಲು ಮಳೆಯನ್ನು ನಂಬದೆ ಕಟ್ಟಿದವು, ಈಗ ಕರೆಂಟನ್ನು ನಂಬಿ ನಿಂತಿವೆ. ನೀರು, ಬೆಳಕು, ರುಬ್ಬುವುದು, ಫೋನು, ದುಡ್ಡು ಕೂಡ ಅದರ ಮೇಲೆಯೇ. ಫೋನಿನಲ್ಲೇ ಹಣ ಕೊಟ್ಟು ರೂಢಿಯಾದವರ ಮನೆಯಲ್ಲಿ ಈಗ ಐದು ನೂರು ರೂಪಾಯಿ ನೋಟು ಸಿಗುವುದೂ ಕಷ್ಟ. ಗೋಡೆಯ ಮೇಲೆ ಬರೆದಿಟ್ಟ ನಂಬರು ಯಾವ ಮನೆಯಲ್ಲೂ ಇಲ್ಲ, ಇದ್ದದ್ದೆಲ್ಲ ಫೋನಿನೊಳಗೆ. ಅದರ ಬ್ಯಾಟರಿ ಮುಗಿದರೆ ಮಗಳ ನಂಬರೂ ಮುಗಿಯಿತು.

ನೀರಿನ ಲೆಕ್ಕ ಸ್ವಲ್ಪ ನಿಧಾನವಾಗಿ ಮಾಡೋಣ. ವಿಪತ್ತಿನ ಪರಿಹಾರ ಕೆಲಸದಲ್ಲಿ ಜಗತ್ತಿನೆಲ್ಲೆಡೆ ಹಿಡಿಯುವ ಅಳತೆ ಒಬ್ಬರಿಗೆ ದಿನಕ್ಕೆ 15 ಲೀಟರ್. ಅದರಲ್ಲಿ ಕುಡಿಯಲು ಮತ್ತು ಊಟಕ್ಕೇ ಎರಡೂವರೆಯಿಂದ ಮೂರು ಲೀಟರ್ ಬೇಕು. ಏಳು ಜನರ ಮನೆಗೆ ಮೂರು ದಿನಕ್ಕೆ ಕುಡಿಯುವ ನೀರೇ 60 ಲೀಟರ್ ದಾಟಬಹುದು. ಹಿಂದೆ ಅಡುಗೆಮನೆಯ ಮೂಲೆಯ ಹಂಡೆ, ಬಚ್ಚಲ ಹಂಡೆ, ಹೊರಗಿನ ಕಲ್ಲುಬಾನಿ ಸೇರಿ ಇದಕ್ಕಿಂತ ಹೆಚ್ಚು ನೀರು ಯಾವಾಗಲೂ ಮನೆಯೊಳಗೇ ಇರುತ್ತಿತ್ತು. ಸಂಜೆ ಹಂಡೆ ತುಂಬಿಸದೆ ಮಲಗಿದರೆ ಅಜ್ಜಿ ಬೈಯುತ್ತಿದ್ದರು. ಪ್ರವಾಹದಲ್ಲಿ ಇನ್ನೂ ಒಂದು ತೊಡಕು. ಸುತ್ತಲೂ ನೀರಿರುತ್ತದೆ, ಕುಡಿಯುವಂಥದ್ದಿರುವುದಿಲ್ಲ. ಕೆಂಪು ನೀರು ನುಗ್ಗಿದ ಬಾವಿಯ ನೀರನ್ನು ಕುದಿಸದೆ ಕುಡಿಯಬಾರದು. ಬರಿ ಬಿಸಿ ಮಾಡಿದರೆ ಸಾಲದು, ಕೊತಕೊತ ಕುದಿಯಬೇಕು. ವಾಂತಿಭೇದಿ ಶುರುವಾಗಿ ಔಷಧಿ ಅಂಗಡಿಗೆ ದಾರಿಯಿಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಎಂದರೆ ಚಹಾದ ಚಮಚ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ.

2019ರ ಆಗಸ್ಟಿನಲ್ಲಿ, ಆಶ್ಲೇಷ ಮಳೆಯಲ್ಲಿ, ರಾಜ್ಯದ ಹಲವು ಜಿಲ್ಲೆಗಳು ನೀರಿನಲ್ಲಿ ನಿಂತಿದ್ದವು. ಇದೇ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ಕೆಲವೇ ದಿನವಾಗಿತ್ತು. ನೀರು ನುಗ್ಗಿದ ಮನೆಗೆ ತಕ್ಷಣಕ್ಕೆ 10 ಸಾವಿರ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರ್ಕಾರ ಹೇಳಿತು. ಆದರೆ ಪರಿಹಾರ ಕೇಳಲು ಕಾಗದ ಬೇಕು. ಪಹಣಿ, ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಬುಕ್ ಎಲ್ಲವೂ ನಮ್ಮಲ್ಲಿ ಮಂಚದಡಿಯ ಟ್ರಂಕಿನಲ್ಲಿರುತ್ತವೆ, ಮನೆಯೊಳಗೆ ನೀರು ಮೊದಲು ಮುಟ್ಟುವ ಜಾಗದಲ್ಲಿ. ಅಟ್ಟದ ಮೇಲೆ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕೈಗೆ ಸಿಗುವಂತೆ ಇಡುವುದಕ್ಕೆ ಹತ್ತು ನಿಮಿಷ ಸಾಕು.

ಆಪತ್ತೆಂದರೆ ನೀರು, ಗಾಳಿ ಮಾತ್ರವಲ್ಲ ಎಂದು ಈ ತಾಲ್ಲೂಕುಗಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಸೊರಬದ ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿದೆ, ಕಾಯಿಲೆಯೊಂದರ ಹೆಸರಾಗಿ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಕಾಡಿಗೆ ಹೋಗಿಬಂದವರು ಜ್ವರದಲ್ಲಿ ಬಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹಳದಿ ಜ್ವರ ಬಂತೇನೋ ಎಂಬ ಆತಂಕದಲ್ಲಿ ಓಡಿಬಂದು ನೋಡಿದರೆ, ಅದು ಅಲ್ಲಿಯವರೆಗೆ ಯಾರೂ ಕಾಣದ ವೈರಸ್, ಹರಡುತ್ತಿದ್ದದ್ದು ಉಣುಗು. ಜನ ಅದನ್ನು ಮಂಗನ ಕಾಯಿಲೆ ಎಂದರು. 2019ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದು ಹಲವು ಮನೆಗಳಿಗೆ ಸಾವು ತಂದದ್ದು ಇನ್ನೂ ಹಸಿಯಾಗಿದೆ.

ಈ ಕಾಯಿಲೆಗೆ ನೇರವಾದ ಮದ್ದಿಲ್ಲ. ವರ್ಷಗಟ್ಟಲೆ ಹಾಕಿದ ಹಳೆಯ ಲಸಿಕೆ ನಿಂತಿದೆ, ಹೊಸದರ ಕೆಲಸ ನಡೆಯುತ್ತಿದೆ. ಹಾಗಾಗಿ ಕಾಪಾಡುವುದು ಮನೆಯ ಶಿಸ್ತೇ. ಡಿಸೆಂಬರಿನಿಂದ ಮೇವರೆಗೆ, ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ಮುಂಚೆ ಆಸ್ಪತ್ರೆಯಿಂದ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಬೇಕು. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸುದ್ದಿ ಮುಟ್ಟಿಸಬೇಕು. ಜ್ವರ, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಹೇಳಬೇಕು. ಎಣ್ಣೆ ಜಿಡ್ಡು, ವಾಸನೆ ಎಂದು ಬಾಟಲಿಯನ್ನು ಕಿಟಕಿಯಲ್ಲೇ ಬಿಟ್ಟು ಹೋಗುವವರನ್ನು ಕಂಡಿದ್ದೇನೆ. ತಯಾರಿ ಮನೆಯಲ್ಲಿದ್ದೂ ಮೈಮೇಲೆ ಇಲ್ಲ. ಅವರನ್ನು ಬೈಯಲು ಮನಸ್ಸಾಗುವುದಿಲ್ಲ. ಬೆಳಗಿನ ಆರಕ್ಕೆ ಮೂರು ಮನೆಯ ಕೆಲಸ ಮುಗಿಸಿ ಹೊರಡುವ ಹೆಂಗಸಿಗೆ ಎಣ್ಣೆ ಕೊಟ್ಟರೆ ಸಾಲದು, ಯಾಕೆಂದು ಕೂತು ಹೇಳುವವರೂ ಬೇಕು. ಆ ಕೆಲಸ ಮಾಡುತ್ತಿರುವವರು ಹೆಚ್ಚಾಗಿ ಆಶಾ ಕಾರ್ಯಕರ್ತೆಯರು.

2021ರ ಜನವರಿ 21ರ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಶಿವಮೊಗ್ಗದ ಹತ್ತಿರ ಹುಣಸೋಡಿನಲ್ಲಿ ಸ್ಫೋಟಕ ಸಿಡಿದಾಗ ಜಿಲ್ಲೆಯ ಬಹುಭಾಗ ನಡುಗಿತು. ಭೂಕಂಪವೆಂದೇ ಜನ ಮಕ್ಕಳನ್ನೆತ್ತಿಕೊಂಡು ಬೀದಿಗೆ ಬಂದರು. ಬಂದವರು ಏನು ಮಾಡಿದರು? ಪಕ್ಕದ ಮನೆಯವರನ್ನು ಕೂಗಿದರು. ಅಂಥ ಹೊತ್ತಿನಲ್ಲಿ 112, 108, ಜಿಲ್ಲಾಡಳಿತದ 1077, ವಿದ್ಯುತ್ತಿಗೆ 1912 ಎಂಬ ನಾಲ್ಕು ನಂಬರು ಗೊತ್ತಿರಬೇಕು ನಿಜ. ಆದರೆ ಮೊದಲ ಒಂದು ಗಂಟೆಯನ್ನು ಕಾಯುವುದು ಪಕ್ಕದ ಮನೆಯೇ. ಯಾರ ಮನೆಯಲ್ಲಿ ಜೀಪಿದೆ, ಯಾರ ಮನೆಯಲ್ಲಿ ಎದ್ದು ಓಡಲಾರದ ಅಜ್ಜಿಯಿದ್ದಾರೆ, ಯಾರ ಸೊಸೆ ನರ್ಸ್, ಯಾರ ಮನೆಯ ಗೋಡೆ ಈ ಮಳೆಗೆ ಉಳಿಯುವುದಿಲ್ಲ ಎಂಬುದು ಊರಿಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿರುವುದಿಲ್ಲ.

ಶಿರಾಳಕೊಪ್ಪದಿಂದ ಬೈಕಿನಲ್ಲಿ ಹತ್ತು ನಿಮಿಷದ ದಾರಿಯಲ್ಲಿ ಬಳ್ಳಿಗಾವಿ. ಕೇದಾರೇಶ್ವರ ದೇವಾಲಯ ನೋಡಲು ಬರುವವರಲ್ಲಿ ಹೆಚ್ಚಿನವರು ಕಲ್ಲಿನ ಕೆತ್ತನೆ ನೋಡಿ ಹೋಗುತ್ತಾರೆ. ಅಲ್ಲಿನ ಕೋಡಿಮಠದ 1162ರ ಶಾಸನ ಹೇಳುವುದು ಬೇರೆಯೇ ಸಂಗತಿ. ಮಠವೆಂದರೆ ಓದುವ ಜಾಗ ಮಾತ್ರವಲ್ಲ. ದಿಕ್ಕಿಲ್ಲದವರಿಗೆ, ಕುರುಡರಿಗೆ, ಕುಂಟರಿಗೆ, ಕಿವುಡರಿಗೆ ಅನ್ನ ಸಿಗುವ ಜಾಗ, ರೋಗಿಗಳಿಗೆ ಔಷಧಿ ಸಿಗುವ ಜಾಗ, ಎಲ್ಲ ಜೀವಕ್ಕೂ ಅಭಯದ ಜಾಗ ಎಂದು ಅದು ಎಣಿಸುತ್ತದೆ. ಅಲ್ಲಿಂದ ಅನತಿ ದೂರದ ತಾಳಗುಂದದ ಕಂಬದ ಶಾಸನವಂತೂ ಐದನೇ ಶತಮಾನದ್ದು, ಕದಂಬರ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ಸುದ್ದಿ ಅದರಲ್ಲಿದೆ. ನೀರು ಹಿಡಿದಿಡುವುದನ್ನು, ಅನ್ನ ಮದ್ದು ಹಿಡಿದಿಡುವುದನ್ನು ಒಬ್ಬೊಬ್ಬರ ಮನೆಗೆ ಬಿಡದೆ ಊರಿನ ಕೆಲಸವೆಂದು ಕಲ್ಲಿನಲ್ಲಿ ಬರೆದ ಸೀಮೆ ಇದು. ಶಾಲೆಯ ಕೊಠಡಿ, ದೇವಸ್ಥಾನದ ದಾಸೋಹದ ಪಾತ್ರೆ, ಮಸೀದಿಯ ಬಾವಿ, ಸೊಸೈಟಿಯ ಗೋದಾಮು, ಇವೆಲ್ಲ ನಮ್ಮಲ್ಲಿ ಇಂದಿಗೂ ಇವೆ. ಮಳೆ ಹಿಡಿಯುವ ಮುಂಚೆ ಒಂದು ಗ್ರಾಮಸಭೆಯಲ್ಲಿ ಕೂತು, ಹೊಳೆ ಬಂದರೆ ಯಾರು ಎಲ್ಲಿಗೆ, ಕೀಲಿ ಯಾರ ಹತ್ತಿರ ಎಂದು ಮಾತಾಡಿಕೊಂಡ ಊರು ನನಗೆ ಇನ್ನೂ ಕಾಣಬೇಕಾಗಿದೆ. ಇದು ನನ್ನ ಕೊರಗು.

ಕರೆಂಟು ಬಂದ ಮೇಲಿನ ವಾರ ಶಿರಾಳಕೊಪ್ಪದ ಸಂತೆಗೆ ಹೋಗಿ ಹಗ್ಗದ ಅಂಗಡಿ ಮುಂದೆ ನಿಂತೆ. ಬಾವಿ ಹಗ್ಗ ಕೇಳುವವರೇ ಕಡಿಮೆಯಾಗಿದ್ದಾರೆ ಎನ್ನುತ್ತಾ ಅಂಗಡಿಯವರು ಹಿಂದಿನಿಂದ ಸುರುಳಿ ಎಳೆದರು.

“ಎಷ್ಟು ಮಾರು ಕೊಡ್ಲಿ?”

ನನಗೆ ಗೊತ್ತಿರಲಿಲ್ಲ. ಅಲ್ಲಿಂದಲೇ ದೊಡ್ಡಮ್ಮನಿಗೆ ಫೋನ್ ಮಾಡಿದೆ.

“ಈಗ ನೀರು ಏಳು ಮಾರಿಗೆ ಐತಿ,” ಅಂದರು. “ನಮ್ಮತ್ತೆ ಕಾಲದಾಗೆ ಒಂದು ವರ್ಷ ಒಂಬತ್ತು ಮಾರಿಗೆ ಇಳಿದಿತ್ತು. ನೀ ಹನ್ನೊಂದು ತಗಾ. ಗಡಗಡೇನೂ ಒಂದು ನೋಡು.”

ಅಂಗಡಿಯವರು ಎರಡೂ ಕೈ ಅಗಲಿಸಿ ಅಳೆಯತೊಡಗಿದರು.