ಕಣ್ಣಿನ ಚಿಕಿತ್ಸೆ: ಆರೋಗ್ಯ ಕಾರ್ಡ್ ಎಲ್ಲಿ ನಡೆಯುತ್ತದೆ?

ಕೃಷ್ಣರಾಜನಗರದ ಕಡೆ ಹಿರಿಯರ ಕಣ್ಣು ಮಂಜಾದರೆ ಮನೆಯವರು ಮೊದಲು ಕೇಳುವುದು, "ಈ ಕಾರ್ಡ್ ಯಾವ ಕಣ್ಣಿನ ಡಾಕ್ಟರ ಹತ್ತಿರ ನಡೆಯುತ್ತದೆ?" ಎಂದು. ಉತ್ತರ ತಿಳಿಯದೆ ನೇರ ಮೈಸೂರಿನ ಖಾಸಗಿ ಆಸ್ಪತ್ರೆಗೆ ಹೋಗಿ, ಖರ್ಚು ಕೇಳಿ ಹಿಂದಿರುಗುವವರಿದ್ದಾರೆ. ಅದಕ್ಕಾಗಿ ಇದರ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ. ನಮ್ಮ ಕರಾವಳಿಯಲ್ಲೂ ಕ್ರಮ ಇದೇ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆಯಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಆದರೆ ಇದು ಶಸ್ತ್ರಚಿಕಿತ್ಸೆಯಂಥವುಗಳಿಗೆ. ಖಾಸಗಿ ಕ್ಲಿನಿಕ್ಕಿನ ತಪಾಸಣಾ ಶುಲ್ಕಕ್ಕಾಗಲಿ ಕನ್ನಡಕಕ್ಕಾಗಲಿ ಅಲ್ಲ.

ಆದುದರಿಂದ ಮೊದಲು ಆಧಾರ್ ಮತ್ತು ರೇಷನ್ ಕಾರ್ಡ್ ಹಿಡಿದು ತಾಲೂಕು ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯಿದೆ. ಪೊರೆ ಶಸ್ತ್ರಚಿಕಿತ್ಸೆ 1976ರಿಂದಿರುವ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿಯೂ ಉಚಿತ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು.

ಹೊರಡುವ ಮೊದಲು ಮೂರು ವಿಷಯ ವಿಚಾರಿಸಿ: ಆಸ್ಪತ್ರೆ ಯೋಜನೆಯಲ್ಲಿ ನೋಂದಣಿಯಾಗಿದೆಯೇ? ಕಣ್ಣಿನ ವಿಭಾಗವೂ ಸೇರಿದೆಯೇ? ಲೆನ್ಸಿಗೆ ಬೇರೆ ಹಣ ಕೊಡಬೇಕೇ? ಆಸ್ಪತ್ರೆಯ ಆರೋಗ್ಯ ಮಿತ್ರರು ತಿಳಿಸುತ್ತಾರೆ; 14555ಕ್ಕೂ ಉಚಿತವಾಗಿ ಕರೆ ಮಾಡಬಹುದು.

ಪೊರೆಯಿಂದ ಮಂಜಾದ ದೃಷ್ಟಿ ಶಸ್ತ್ರಚಿಕಿತ್ಸೆಯಿಂದ ಮರಳಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳದು. ಕಾರ್ಡಿನ ಗೊಂದಲದಲ್ಲಿ ತಿಂಗಳುಗಳನ್ನು ಕಳೆಯಬಾರದು. ವಾಳೆಯ ಗುರಿಕಾರರು ಒಂಟಿ ಹಿರಿಯರೊಡನೆ ಒಂದು ದಿನ ಆಸ್ಪತ್ರೆಗೆ ಹೋಗಿ ಬಂದರೆ ಅದೇ ದೊಡ್ಡ ಉಪಕಾರ.